ಶೇಷಯ್ಯನವರ ಕೆಂಪೆಣ್ಣೆ

ಈಗ ಗ್ಯಾರೇಜಿಗೆ ಹೊಸದಾಗಿ ಸೇರುವ ಹುಡುಗರು ವಾರ ಕಳೆಯುವುದರೊಳಗೆ ನನ್ನ ಹತ್ತಿರ ಬಂದು, “ಸಿದ್ದಣ್ಣ, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ನೋಡಕ್ಕೆ ಯಾವ ಸ್ಕ್ಯಾನರ್ ಚೆನ್ನಾಗೈತೆ?” ಎಂದು ಕೇಳುತ್ತಾರೆ. ಮೊದಲು ರೇಗುತ್ತದೆ. ಕೈ ಇಟ್ಟು ನೋಡದೆ, ಮೂಸಿ ನೋಡದೆ, ಒಂದು ಪೆಟ್ಟಿಗೆಗೆ ವೈರು ಚುಚ್ಚಿದ ತಕ್ಷಣ ಕಾರು ತನ್ನ ಕಷ್ಟಸುಖ ಹೇಳಿಕೊಂಡುಬಿಡುತ್ತದೆಯೇ? ಆಮೇಲೆ ಪಾಪ ಅನ್ನಿಸುತ್ತದೆ. ಈಗ ಬರುವ ಎಷ್ಟೋ ಕಾರುಗಳ ಗೇರ್‌ಬಾಕ್ಸಿಗೆ ಎಣ್ಣೆಯ ಮಟ್ಟ ನೋಡುವ ಗೇಜ್ ಕಡ್ಡಿಯೇ ಇಲ್ಲ. ಇಲ್ಲದ ಕಡ್ಡಿಯನ್ನು ಅವರು ಎಲ್ಲಿಂದ ಎಳೆದಾರು? ಹಾಗಾಗಿ ಸಿಟ್ಟು ನುಂಗಿಕೊಂಡು, “ಕೂತ್ಕಳ್ರಪ್ಪ, ಟೀ ಕುಡೀರಿ” ಎಂದು ಕಡ್ಡಿ ಇದ್ದ ಕಾಲದ ಕತೆ ಶುರು ಮಾಡುತ್ತೇನೆ. ಅವರು ಮತ್ತೆ ಮತ್ತೆ ಹೇಳಿಸಿಕೊಳ್ಳುವುದು ಹೊಳೆನರಸೀಪುರದ ಅರ್ಚಕರ ಮನೆ ಕಾರಿನದು. ಅದನ್ನಾದರೂ ಬರೆದಿಡಿ ಎಂದು ನಮ್ಮ ಮನೆಯವಳು ಗಂಟುಬಿದ್ದಿದ್ದಾಳೆ.

ನಾನು ದುದ್ದದ ಕಡೆಯವನು. ಮನೆಯಲ್ಲಿ ರಾಗಿ ಹೊಲ, ನಾಲ್ಕು ತೆಂಗಿನ ಮರ, ಎರಡು ಹಸು. ಓದು ತಲೆಗೆ ಹತ್ತದೆ ಹಾಸನದ ಒಂದು ಗ್ಯಾರೇಜು ಸೇರಿದೆ. ಅಲ್ಲಿ ನನ್ನನ್ನು ಬಗ್ಗಿಸಿ ತಿದ್ದಿದವರು ಮೇಸ್ತ್ರಿ ಪುಟ್ಟೇಗೌಡರು. ದಪ್ಪ ಮೀಸೆ, ಸಣ್ಣ ದನಿ. ಅವರು ಕೂಗಿ ಬೈದದ್ದನ್ನು ನಾನು ಕೇಳಿಲ್ಲ, ಮೆಲ್ಲಗೆ ಬೈದದ್ದನ್ನು ಮಾತ್ರ ಜನ್ಮ ಪೂರ್ತಿ ಮರೆಯುವ ಹಾಗಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಕೈ ಒರೆಸಿಕೊಳ್ಳುವುದು ದಾರದ ವೇಸ್ಟಿನಲ್ಲಿ. ಆದರೆ ಗೇಜ್ ಕಡ್ಡಿಯನ್ನು ಅದರಲ್ಲಿ ಯಾರಾದರೂ ಒರೆಸಿದರೆ ಅವರ ಮೀಸೆ ಅದುರುತ್ತಿತ್ತು. “ಒಂದೆಳೆ ದಾರ ಒಳಿಕ್ಕೋದ್ರೆ ಅದು ಯಾವ ಸಂದೀಲಿ ಸಿಗಾಕ್ಕತ್ತದೆ ಅಂತ ನೀನು ಉಡುಕ್ಕೊಡ್ತೀಯೇನ್ಲಾ?” ಎನ್ನುತ್ತಿದ್ದರು. ಒಗೆದು ಮಡಿಸಿದ ಹಳೇ ಪಂಚೆಯ ತುಂಡೊಂದು ಸದಾ ಅವರ ಜೇಬಿನಲ್ಲಿರುತ್ತಿತ್ತು. ಅವರು ಹೋಗಿ ಎಷ್ಟೋ ವರ್ಷವಾಯಿತು, ನನಗೆ ಈಗಲೂ ಆ ಸಣ್ಣ ದನಿ ಬೇಕು ಅನ್ನಿಸುತ್ತದೆ.

ಗೇರ್ ಹಾಕುವ ಗೋಜಿಲ್ಲದ ಕಾರನ್ನು ನಾನು ಮೊದಲು ನೋಡಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಹಾಸನದ ಡಾಕ್ಟರೊಬ್ಬರು ಹೊರದೇಶದ ಹಳೇ ಕಾರೊಂದನ್ನು ತಂದಿದ್ದರು. ಅದನ್ನು ಗ್ಯಾರೇಜಿಗೆ ತಂದವನು ಅವರ ಡ್ರೈವರ್ ಕಾಳಯ್ಯ, ನಮ್ಮೂರ ಕಡೆಯವನೇ. ಗೇರ್ ಸನ್ನೆಕೋಲಿನ ಪಕ್ಕ ಬರೆದಿದ್ದ ಇಂಗ್ಲಿಷ್ ಅಕ್ಷರಗಳನ್ನು ತನಗೆ ತೋಚಿದಂತೆ ಓದಿಕೊಂಡಿದ್ದ. ‘ಆರ್’ ಅಂದರೆ ರನ್ನಿಂಗ್, ‘ಡಿ’ ಅಂದರೆ ಡೇಂಜರ್. “ಡೇಂಜರ್‌ಗೆ ಯಾಕ್ ಓಗಾನಾ” ಎಂದು ನಮ್ಮೆಲ್ಲರ ಎದುರಿಗೇ ರನ್ನಿಂಗಿಗೆ ಹಾಕಿದ, ಅದು ರಿವರ್ಸ್ ಗೇರು, ಹಿಂದಿದ್ದ ನೀರಿನ ಡ್ರಮ್ಮಿಗೆ ಗುದ್ದಿದ. ಡ್ರಮ್ಮು ಉರುಳಿ ನೀರೆಲ್ಲ ಮೇಸ್ತ್ರಿಯ ಊಟದ ಡಬ್ಬಿಯ ಮೇಲೆ ಹೋಯಿತು. ಅವತ್ತು ಮೇಸ್ತ್ರಿ ಊಟ ಮಾಡಿದ್ದು ಕಾಳಯ್ಯನ ದುಡ್ಡಿನಲ್ಲಿ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ.

ಆ ಕಾರಿನ ಗೇರ್‌ಬಾಕ್ಸಿನ ಎಣ್ಣೆ ನೋಡು ಎಂದು ಮೇಸ್ತ್ರಿ ನನಗೆ ಹೇಳಿದರು. ಇಂಜಿನ್ ಆಯಿಲ್ ನೋಡುವುದು ಹೇಗೆ? ಇಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಕಡ್ಡಿ ಎಳೆದು ನೋಡುವುದು. ಇದನ್ನೂ ಹಾಗೇ ನೋಡಿದೆ. ಗೆರೆ ದಾಟಿ ಮೇಲಕ್ಕಿತ್ತು. “ಜಾಸ್ತಿ ಐತೆ ಮೇಸ್ತ್ರಿ, ತೆಗೆದುಬಿಡ್ಲಾ?” ಅಂದೆ. ಅಷ್ಟರಲ್ಲಿ ಡಾಕ್ಟರೂ ಗ್ಯಾರೇಜಿಗೆ ಬಂದಿದ್ದರು. ಕಾರಿನ ಜೊತೆ ಬಂದ ಪುಸ್ತಕ ಬಿಡಿಸಿ, ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದರು. ಮೇಸ್ತ್ರಿ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು. “ಇಂಜಿನ್ ನಿಲ್ಸಿದ್ರೆ ಮ್ಯಾಲಿರೋ ಎಣ್ಣೆಯೆಲ್ಲಾ ಕೆಳಿಕ್ಕಿಳಿದು ಕುಂತ್ಕತ್ತದಂತೆ ಕಣ್ಲಾ. ಓಡಾಡೋವಾಗ ಎಷ್ಟೈತೆ ಅಂತ ನೋಡ್ಬೇಕು. ನೀನು ತೆಗೆದಿದ್ರೆ ಡಾಕ್ಟ್ರು ಕಾರು ಅರ್ಧ ದಾರೀಲಿ ಮಲಿಕ್ಕತ್ತಿತ್ತು.” ನಾನು ಪೆಚ್ಚಾಗಿ ನಿಂತೆ. ಡಾಕ್ಟರು ನಕ್ಕು ಬೆನ್ನು ತಟ್ಟಿದರು.

ಹುಡುಗರೇ, ನಿಮಗೆ ಹಳೇ ಕಾರೊಂದು ಕೈಗೆ ಬಂದರೆ ಎಂದು ಇಲ್ಲಿ ಒಂದಿಷ್ಟು ಹೇಳಿಬಿಡುತ್ತೇನೆ. ಕಾರನ್ನು ಊರಾಚೆ ಒಂದು ಸುತ್ತು ಓಡಿಸಿ ಎಣ್ಣೆ ಚೆನ್ನಾಗಿ ಬಿಸಿಯಾಗಲಿ. ಸಮನಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಇಂಜಿನ್ ಓಡುತ್ತಲೇ ಇರಲಿ. ಬ್ರೇಕ್ ತುಳಿದುಕೊಂಡು ಸನ್ನೆಕೋಲನ್ನು ಎಲ್ಲ ಗೇರಿಗೂ ನಿಧಾನವಾಗಿ ಹಾಕಿ ತೆಗೆದು ಪಾರ್ಕಿಂಗಿಗೆ ತನ್ನಿ. ಆಮೇಲೆ ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು, ಮತ್ತೆ ಎಳೆದು ನೋಡಿ. ಕಡ್ಡಿಯ ಮೇಲೆ ತಣ್ಣಗಿದ್ದಾಗಿನ ಗೆರೆ ಕೆಳಗೆ, ಬಿಸಿಯಾದಾಗಿನ ಗೆರೆ ಮೇಲೆ ಇರುತ್ತದೆ. ಎಣ್ಣೆ ಬಿಸಿಯಾದರೆ ಉಬ್ಬುತ್ತದೆ, ಅದಕ್ಕೇ ಎರಡು ಗೆರೆ. ಕೆಲವು ಕಾರಿಗೆ ಇಂಜಿನ್ ನಿಲ್ಲಿಸಿಯೇ ನೋಡಬೇಕು, ಆಯಾ ಕಾರಿನ ಪುಸ್ತಕ ಓದದೆ ಜಂಭ ಮಾಡಬೇಡಿ. ಕಡಿಮೆಯಾದರೆ ಗೇರು ಜಾರುತ್ತದೆ. ಹೆಚ್ಚಾದರೂ ಜಾರುತ್ತದೆ, ಇದನ್ನು ಮಾತ್ರ ಬಹಳ ಜನ ನಂಬುವುದಿಲ್ಲ. ಹೆಚ್ಚಾದ ಎಣ್ಣೆಯನ್ನು ತಿರುಗುವ ಚಕ್ರಗಳು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತವೆ, ನೊರೆಗೆ ಗೇರನ್ನು ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ.

ಇನ್ನು ಅರ್ಚಕರ ಮನೆ ಕಾರು. ಹೊಳೆನರಸೀಪುರದಲ್ಲಿ ಒಂದು ಚಿಕ್ಕ ಆಂಜನೇಯನ ಗುಡಿ, ಅದರ ಅರ್ಚಕರು ಶೇಷಯ್ಯನವರು. ಹೆಂಡತಿ ತೀರಿಕೊಂಡಿದ್ದರು. ಮಗ ಶ್ರೀಧರ ಹಾಸನದಲ್ಲಿ ಆಫೀಸು ನೌಕರ. ಮಗಳು ಸುಮಿತ್ರಾ ಮೇಡಂ ಅರಕಲಗೂಡಿನಲ್ಲಿ ಹೈಸ್ಕೂಲು ಟೀಚರ್. ಮಗುವಾಗಿದ್ದಾಗ ಪೋಲಿಯೋ ಬಂದು ಅವರ ಎಡಗಾಲು ಸೊರಗಿತ್ತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಬಸ್ಸಿನ ಮೆಟ್ಟಿಲು ಎತ್ತರ. ಹತ್ತುವಾಗ ಒಬ್ಬರು ರಟ್ಟೆ ಹಿಡಿಯುವುದು, ಇಳಿಯುವಾಗ ಇನ್ನೊಬ್ಬರು ಸೊಂಟಕ್ಕೆ ಕೈ ಹಾಕುವುದು. “ಸಹಾಯ ಮಾಡೋರೇ ಎಲ್ಲಾ, ಬೈಯೋ ಹಾಗೂ ಇಲ್ಲ ಸಿದ್ದಣ್ಣ. ಆದ್ರೆ ಸ್ಕೂಲಿಗೆ ಹೋಗೋಷ್ಟರಲ್ಲಿ ನನಗೆ ನನ್ನ ಮೇಲೇ ಬೇಜಾರು ಬಂದಿರ್ತಿತ್ತು” ಎಂದು ಒಮ್ಮೆ ಹೇಳಿದ್ದರು. ಕ್ಲಚ್ ಇಲ್ಲದ, ಬಲಗಾಲೊಂದರಲ್ಲೇ ಓಡಿಸಬಹುದಾದ ಪುಟ್ಟ ಕಾರು ಬಂದಿದೆ ಎಂದು ಗೊತ್ತಾದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದು, ಓಡಿಸಲು ಕಲಿತು, ಒಬ್ಬರೇ ಅರಕಲಗೂಡಿಗೆ ಹೋಗಿಬರತೊಡಗಿದರು. ಮೊದಲ ಸಲ ನಮ್ಮ ಗ್ಯಾರೇಜಿಗೆ ಬಂದು ಇಳಿದಾಗ ಅವರ ಮುಖ ನೋಡಬೇಕಿತ್ತು!

ಶೇಷಯ್ಯನವರಿಗೆ ಮಾತ್ರ ಕಾರು ಕಂಡರೆ ಭಯ. ಬೇಡ ಎಂದು ಹಟ ಮಾಡಿದ್ದರಂತೆ. ಬಂದ ಮೇಲೆ ಬೈಯಲಿಲ್ಲ, ಆದರೆ ಒಂದು ದಿನವೂ ಅದರಲ್ಲಿ ಕೂರಲಿಲ್ಲ. ಮಗಳು ಹೊರಟರೆ ಬಾಗಿಲಿಗೂ ಬರದೆ ಒಳಗೆ ಹೋಗಿ ಕೂರುತ್ತಿದ್ದರು. “ಅವಳು ತಿರುಗಿಸಿಕೊಂಡು ಹೋಗೋದು ನನ್ನ ಕೈಲಿ ನೋಡಕ್ಕಾಗಲ್ಲಪ್ಪ, ಎದೆ ಹೊಡ್ಕೊಳ್ಳುತ್ತೆ” ಎಂದು ನನ್ನ ಹತ್ತಿರ ಹೇಳಿದ್ದರು. ಅವರು ಕಾರಿಗೆ ಮಾಡುತ್ತಿದ್ದುದು ಒಂದೇ ಕೆಲಸ. ಮಗಳು ಹೇಳಿಕೊಟ್ಟಂತೆ ಬೆಳಿಗ್ಗೆ ಕೀ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡಿಡುವುದು.

ಒಂದು ಭಾನುವಾರ ನಾನೇ ಅವರ ಮನೆಗೆ ಹೋಗಿ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿದೆ. ಈ ಎಣ್ಣೆ ಕುಂಕುಮದ ನೀರಿನ ಹಾಗೆ ಕೆಂಪಗಿರುತ್ತದೆ. ಹೊಸದು ಹಾಕಿ, ಅರಕಲಗೂಡಿನ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ ಬಿಸಿ ಮಾಡಿಕೊಂಡು ಬಂದೆ. ಅಂಗಳದಲ್ಲಿ ಇಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು, ಒರೆಸಿ, ನೋಡಿ, ಮೇಲಿನ ಗೆರೆ ಮುಟ್ಟುವಷ್ಟು ಇನ್ನಿಷ್ಟು ಹಾಕಿದೆ. ಶೇಷಯ್ಯನವರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. “ಉಳಿದ ಡಬ್ಬಿ ಇಲ್ಲೇ ಇರ್ಲಿ ಸ್ವಾಮಿ, ಮುಂದಕ್ಕೆ ಬೇಕಾಯ್ತದೆ” ಎಂದು ಅವರ ಕೈಗೇ ಕೊಟ್ಟೆ. ಒಳಗೆ ತೆಗೆದುಕೊಂಡು ಹೋಗಿ ಜೋಪಾನವಾಗಿ ಇಟ್ಟರು.

ಸ್ವಲ್ಪ ದಿನಕ್ಕೆ ಮೇಡಂ ಗಾಬರಿಯಾಗಿ ಗ್ಯಾರೇಜಿಗೆ ಬಂದರು. ಕಾರು ಏರು ಹತ್ತುವಾಗ ಇಂಜಿನ್ ಸುಮ್ಮನೆ ಕೂಗುತ್ತದೆ, ಮುಂದಕ್ಕೆ ಹೋಗುವುದಿಲ್ಲ, ಬಾನೆಟ್ಟಿನಿಂದ ಹೊಗೆ ಬೇರೆ. ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೆರೆ ದಾಟಿ ಎಷ್ಟೋ ಮೇಲಿದೆ, ಗುಳ್ಳೆ ಗುಳ್ಳೆ. ಮೇಲೆ ಉಕ್ಕಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆ ಎದ್ದಿತ್ತು.

“ಯಾರಾದ್ರೂ ಆಯಿಲ್ ಹಾಕುದ್ರಾ ಮೇಡಂ?”

“ಅಯ್ಯೋ, ನಮ್ಮನೇಲಿ ಬಾನೆಟ್ ತೆಗೆಯೋರು ಯಾರಿದ್ದಾರೆ ಸಿದ್ದಣ್ಣ? ಅಪ್ಪಂಗೆ ಕೀ ತಿರುಗಿಸೋದು ಬಿಟ್ಟು ಬೇರೇನು ಮುಟ್ಟೋಕೂ ಭಯ.”

ಹೆಚ್ಚಾದದ್ದನ್ನು ತೆಗೆದು ಮಟ್ಟ ಸರಿಮಾಡಿ ಕಳಿಸಿದೆ. ಮತ್ತೆ ಸ್ವಲ್ಪ ದಿನಕ್ಕೆ ಅದೇ ರಗಳೆ. ಎಣ್ಣೆ ಸೋರಿ ಕಡಿಮೆಯಾಗುವುದನ್ನು ಬೇಕಾದಷ್ಟು ಕಂಡಿದ್ದೆ, ತಾನಾಗಿ ಹೆಚ್ಚಾಗುವುದನ್ನು ಎಲ್ಲೂ ಕಂಡಿರಲಿಲ್ಲ. ಗ್ಯಾರೇಜಿನವರಿಗೆ ತಮಾಷೆ. “ಅರ್ಚಕರ ಮನೆ ಕಾರು ಕಣಣ್ಣ, ಆಂಜನೇಯ್ನೇ ತುಂಬುಸ್ತಾವ್ನೆ” ಅಂದರು. ನನಗೆ ನಗು ಬರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆಯನ್ನು ತಣ್ಣಗೆ ಮಾಡುವ ಕೊಳವೆ ರೇಡಿಯೇಟರಿನೊಳಗೆ ಹಾದುಹೋಗುತ್ತದೆ. ಅದು ತೂತಾದರೆ ನೀರು ಎಣ್ಣೆಗೆ ಸೇರಿ, ಎಣ್ಣೆ ಹೆಚ್ಚಿದ ಹಾಗೆ ಕಾಣುತ್ತದೆ, ಬಣ್ಣ ಹಾಲು ಬೆರೆತಂತೆ ಆಗುತ್ತದೆ. ಹಾಗಾದರೆ ಗೇರ್‌ಬಾಕ್ಸ್ ಕತೆ ಮುಗಿದಂತೆ. ನೊರೆಯಲ್ಲಿ ಬಣ್ಣ ನೆಟ್ಟಗೆ ಕಾಣುತ್ತಿರಲಿಲ್ಲ, ಹಾಗಾಗಿ ಆ ಅನುಮಾನವನ್ನು ಮೇಡಂಗೆ ಹೇಳಿದೆ. ಗೇರ್‌ಬಾಕ್ಸೇ ಬದಲಾಯಿಸಬೇಕಾಗಬಹುದು ಎಂದು ಕಾರು ಮಾರಿದ್ದ ಬೆಂಗಳೂರಿನವರೂ ಫೋನಿನಲ್ಲಿ ಅಂದರಂತೆ.

ಅದೇ ವಾರ ಅರಕಲಗೂಡಿನಿಂದ ಬರುವಾಗ ಕಾರು ಏರಿನ ಮಧ್ಯೆ ಪೂರ್ತಿ ನಿಂತುಬಿಟ್ಟಿತು. ಸುತ್ತ ಮನೆಯಿಲ್ಲ, ಸಂಜೆ ಹೊತ್ತು. ಯಾವುದೋ ಟ್ರಾಕ್ಟರಿನವರು ಬಂದು ಕಾರನ್ನು ಮನೆಗೆ ಎಳೆದುಕೊಂಡು ಹೋಗುವ ತನಕ ಮೇಡಂ ಒಬ್ಬರೇ ಒಳಗೆ ಕೂತಿದ್ದರು. ಶ್ರೀಧರನಿಗೆ ಜೀವವೇ ಬಾಯಿಗೆ ಬಂದಿತ್ತು. “ಸಾಕು ಅಕ್ಕ, ಕೊಟ್ಟುಬಿಡೋಣ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?” ಎಂದು ಹಟ ಹಿಡಿದ. ಅವನು ಕೆಟ್ಟವನಲ್ಲ, ಅಕ್ಕನ ಮೇಲಿನ ಕಾಳಜಿಯೇ. ಆದರೆ ಕಾರು ಹೋದರೆ ಮತ್ತೆ ಆ ಬಸ್ಸು, ಆ ಕೈಗಳು. ವರ್ಗಾವಣೆಗೆ ಹಾಕಿದ ಅರ್ಜಿಗೆ ಉತ್ತರವೇ ಬಂದಿರಲಿಲ್ಲ. “ಬಸ್ಸಿಗೆ ನಾನು ಹತ್ತಲ್ಲ ಸಿದ್ದಣ್ಣ. ಕೆಲಸ ಬಿಟ್ಟು ಮನೇಲಿರ್ತೀನಿ” ಎಂದರು ಮೇಡಂ ಫೋನಿನಲ್ಲಿ. ಅಳುತ್ತಿರಲಿಲ್ಲ, ಅದೇ ನನಗೆ ಸಂಕಟವಾಯಿತು.

ಎರಡನೆಯ ಸಲ ಕಾರಿನಿಂದ ತೆಗೆದ ಎಣ್ಣೆಯನ್ನು ಒಂದು ಗಾಜಿನ ಬಾಟಲಿಯಲ್ಲಿ ಕಿಟಕಿಯ ಮೇಲಿಟ್ಟು ಮರೆತಿದ್ದೆ. ಆ ಫೋನು ಬಂದ ಮಾರನೆಯ ದಿನ ನೋಡಿದರೆ ನೊರೆಯೆಲ್ಲ ಇಳಿದು ಎಣ್ಣೆ ಕೆಂಪಗೆ ತಿಳಿಯಾಗಿದೆ! ನೀರು ಸೇರಿದ್ದರೆ ಹೀಗೆ ತಿಳಿಯಾಗುವುದಿಲ್ಲ. ಸುಟ್ಟ ವಾಸನೆಯೂ ಇಲ್ಲ. ಹಾಗಾದರೆ ಹೆಚ್ಚಾಗುತ್ತಿರುವುದು ಏನು? ಶ್ರೀಧರನಿಗೆ ಫೋನು ಮಾಡಿದೆ. “ನೀರೋ ಎಣ್ಣೆಯೋ ನಂಗೆ ಗೊತ್ತಾಗಲ್ಲ ಸಿದ್ದಣ್ಣ. ಭಾನುವಾರ ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಪಾರ್ಟಿ ಬರ್ತಾರೆ, ಇದ್ದ ಹಾಗೇ ತಗೊಂಡು ಹೋಗ್ತಾರಂತೆ” ಅಂದ. ರೇಡಿಯೇಟರಿನ ನೀರು ಕಡಿಮೆಯಾಗಿದೆಯೋ ಇಲ್ಲವೋ ಎಂದು ಕಾರು ತಣ್ಣಗಿರುವಾಗಲೇ ನೋಡಿ ತೀರ್ಮಾನಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊಳೆನರಸೀಪುರಕ್ಕೆ ಹೊರಟೆ.

ಅವರ ಬೀದಿ ತಿರುಗುವಷ್ಟರಲ್ಲಿ ಇಂಜಿನ್ ಸದ್ದು ಕೇಳಿಸಿತು. ರಜಾದಿನ ಇಷ್ಟು ಬೇಗ ಎಲ್ಲಿಗೆ ಎಂದುಕೊಂಡೆ. ಗೇಟಿನ ಹತ್ತಿರ ಬಂದು ನಿಂತುಬಿಟ್ಟೆ. ಬಾನೆಟ್ ತೆರೆದಿತ್ತು. ಶೇಷಯ್ಯನವರು ಪೂಜೆಯ ಮಡಿಯಲ್ಲೇ, ಬರೀ ಮೈಯಲ್ಲಿ, ಕಾರಿಗೆ ಬಗ್ಗಿ ನಿಂತಿದ್ದರು. ಭುಜದ ಮೇಲಿದ್ದ ಪಂಚೆಯ ತುದಿಯಿಂದ ಗೇಜ್ ಕಡ್ಡಿಯನ್ನು ಒರೆಸಿ, ಒಳಗಿಟ್ಟು, ಮತ್ತೆ ಎಳೆದು ಬೆಳಕಿಗೆ ಹಿಡಿದು ನೋಡಿದರು. ಪಕ್ಕದಲ್ಲಿದ್ದ ಡಬ್ಬಿಯಿಂದ ಒಂದು ಹಿತ್ತಾಳೆ ಸೌಟಿಗೆ ಬಗ್ಗಿಸಿಕೊಂಡು, ಹನಿ ಆಚೆ ಬೀಳದಂತೆ, ತುಟಿ ಅಲುಗಿಸುತ್ತಾ ಒಳಗೆ ಬಿಟ್ಟರು. ಡಬ್ಬಿ ನಾನು ಕೊಟ್ಟ ಕಂಪನಿಯದೇ, ಆದರೆ ಹೊಸದು. ಹಳೆಯದು ಮುಗಿದ ಮೇಲೆ ಹಾಸನಕ್ಕೆ ಹೋದಾಗ ತಾವೇ ಕೊಂಡು ತಂದಿದ್ದರಂತೆ.

“ಸ್ವಾಮಿ” ಅಂದೆ.

ಬೆಚ್ಚಿ ತಿರುಗಿದವರು ನಕ್ಕರು. “ಓ, ಸಿದ್ದಣ್ಣ. ನೀನು ಮಾಡಿದ್ದನ್ನ ನೋಡಿ ಕಲ್ತಿದೀನಿ, ಸರಿಯಾಗಿದೆಯಾ ನೋಡು. ಬೆಳಿಗ್ಗೆ ಗುಡಿಯ ದೀಪಕ್ಕೆ ಹಾಕಿ ಬರ್ತೀನಲ್ಲ, ಹಾಗೇ ಇಲ್ಲೂ ನೋಡಿಬಿಡ್ತೀನಿ. ಗೆರೆಗಿಂತ ಕೆಳಗೆ ಇಳಿದಿರುತ್ತೆ ಕಣಯ್ಯ. ಪಾಪ, ಅಷ್ಟು ದೂರ ಒಬ್ಬಳೇ ಹೋಗ್ತಾಳೆ. ಎಣ್ಣೆ ಇಳಿಯೋಕೆ ಬಿಡಬಾರದಲ್ಲವಾ?”

ಆ ಗುಡಿಯ ದೀಪ ಆರದಂತೆ ಬೆಳಗಿನ ಜಾವ ಎಣ್ಣೆ ಹಾಕುವುದು ಅವರಿಗೆ ಜೀವಮಾನದ ಅಭ್ಯಾಸ. ದೀಪಕ್ಕೆ ಎಣ್ಣೆ ಹೆಚ್ಚಾಯಿತು ಎಂದು ಯಾರೂ ಬೈಯುವುದಿಲ್ಲ. ನಾನು ಕಾರನ್ನು ಬಿಸಿ ಮಾಡಿದ್ದು ಊರಾಚೆಯ ರಸ್ತೆಯಲ್ಲಿ, ಅವರು ಕಂಡಿದ್ದು ಅಂಗಳದಲ್ಲಿ ನಡೆದದ್ದನ್ನು ಮಾತ್ರ. ರಾತ್ರಿಯೆಲ್ಲ ತಣ್ಣಗಾದ ಎಣ್ಣೆ ಮೇಲಿನ ಗೆರೆಗಿಂತ ಕೆಳಗೇ ಇರುತ್ತದೆ. ಅದನ್ನು ಇವರು ಮೇಲಿನ ಗೆರೆಯವರೆಗೆ ತುಂಬಿಸುತ್ತಿದ್ದರು. ಓಡಿ ಬಿಸಿಯಾದ ಮೇಲೆ ಅದು ಉಬ್ಬಿ, ನೊರೆಯಾಗಿ, ಉಕ್ಕಿ ಹೋಗುತ್ತಿತ್ತು. ಉಕ್ಕಿ ಹೋದಷ್ಟನ್ನು ಮತ್ತೆ ಬೆಳಿಗ್ಗೆ ಇವರು ತುಂಬಿಸುತ್ತಿದ್ದರು.

ಮಾತು ಕೇಳಿ ಮೇಡಂ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅಪ್ಪನ ಕೈಯಲ್ಲಿದ್ದ ಸೌಟು ನೋಡಿದರು, ಡಬ್ಬಿ ನೋಡಿದರು. ಅವರಿಗೆ ನಾನು ಬಿಡಿಸಿ ಹೇಳುವುದೇ ಬೇಕಾಗಲಿಲ್ಲ. “ಅಪ್ಪಾ! ಒಂದು ಮಾತು ಕೇಳಬಾರದಿತ್ತಾ ನನ್ನ?” ಎಂದು ಕೂಗಿಬಿಟ್ಟರು.

ಶೇಷಯ್ಯನವರು ನನ್ನ ಮುಖ ನೋಡಿದರು. ಆದಷ್ಟು ಮೆತ್ತಗೆ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಜಗಲಿಯ ಮೇಲೆ ಕುಸಿದು ಕೂತರು. “ಹಾಗಾದ್ರೆ ಅವತ್ತು ದಾರೀಲಿ ಅವಳನ್ನ ನಿಲ್ಲಿಸಿದ್ದು ನಾನೇನಾ? ಕತ್ತಲಾಗೋ ಹೊತ್ತಲ್ಲಿ, ಮಗೂನ ಒಬ್ಬಳನ್ನೇ...” ಸೌಟು ಇನ್ನೂ ಕೈಯಲ್ಲೇ ಇತ್ತು, ಕೆಂಪೆಣ್ಣೆ ಮಡಿಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಇವರು ಇನ್ನು ಈ ಕಾರಿನ ಹತ್ತಿರಕ್ಕೂ ಬರುವುದಿಲ್ಲ ಎಂದು ನನಗನ್ನಿಸಿತು.

ಮೇಡಂ ಹೋಗಿ ಅಪ್ಪನ ಪಕ್ಕದಲ್ಲಿ ಕೂತು, ಸೌಟನ್ನು ಬಿಡಿಸಿ ಕೆಳಗಿಟ್ಟು, “ಸಿದ್ದಣ್ಣ, ಹೆಚ್ಚಾಗಿರೋದನ್ನ ಈಗ್ಲೇ ತೆಗೀರಿ” ಅಂದರು.

ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ ಕಡ್ಡಿಯ ದಾರಿಯಿಂದಲೇ ಎಳೆದೆ. ಎಣ್ಣೆ ಕೆಳಗಿನ, ತಣ್ಣಗಿದ್ದಾಗಿನ ಗೆರೆಗೆ ಬಂದಿತು. ಅಷ್ಟರಲ್ಲಿ ಹಿಂದಿನ ಸಂಜೆಯೇ ಬಂದಿದ್ದ ಶ್ರೀಧರ ಎದ್ದು ಬಂದ. ವಿಷಯ ಕೇಳಿ ಅಪ್ಪನನ್ನು ಒಂದು ಸಲ, ಅಕ್ಕನನ್ನು ಒಂದು ಸಲ ನೋಡಿದ. “ಇಷ್ಟರಿಂದಲೇ ನಿಂತಿದ್ದು ಅಂತ ಹೇಗೆ ನಂಬೋದು?” ಅಂದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ನೊರೆಯಲ್ಲಿ ಓಡಿ ಒಳಗೆ ಏನಾದರೂ ಸವೆದಿದ್ದರೆ ನನಗೂ ಗೊತ್ತಿರಲಿಲ್ಲ.

“ಬಿಸಿ ಮಾಡ್ಕೊಂಡು ಬಂದು ನೋಡ್ಬೇಕು ಸಾರ್. ನಿಂತ ಏರನ್ನೇ ಹತ್ತುಸಾನ.”

ಮೇಡಂ ಸ್ಟೀರಿಂಗಿನ ಮುಂದೆ ಕೂತರು. ನಾನು ಹಿಂದೆ ಹತ್ತಿದೆ. ಅವರು ಬಗ್ಗಿ ಎಡಗಡೆಯ ಬಾಗಿಲು ತೆರೆದರು. “ಅಪ್ಪ, ಬನ್ನಿ.”

“ನಾನ್ಯಾಕೆ ಮಗೂ. ನಾನು ಮುಟ್ಟಿದ್ದೆಲ್ಲ...”

“ಎಣ್ಣೆ ನೋಡೋರು ನೀವು ತಾನೆ? ಬಿಸಿ ಹೇಗೆ ಮಾಡೋದು ಅಂತ ಕಲಿಯೋದು ಬೇಡ್ವಾ? ಬನ್ನಿ.”

ಎಣ್ಣೆಯ ಕಲೆಯಾದ ಮಡಿಯಲ್ಲೇ ಹತ್ತಿದರು. ಎರಡೂ ಕೈಯಲ್ಲಿ ಮುಂದಿನ ಡ್ಯಾಷ್‌ಬೋರ್ಡ್ ಹಿಡಿದುಕೊಂಡರು. ಊರು ದಾಟುವ ತನಕ ಕಣ್ಣು ಮುಚ್ಚಿದ್ದರು. ಆಮೇಲೆ ತೆರೆದು ರಸ್ತೆ ನೋಡಲಿಲ್ಲ, ಮಗಳ ಕೈ ನೋಡುತ್ತಾ ಕೂತರು. ಎದುರಿಗೆ ಲಾರಿ ಬಂತು, ಮೇಡಂ ಸಲೀಸಾಗಿ ಪಕ್ಕಕ್ಕೆ ತೆಗೆದುಕೊಂಡರು. ಆ ಏರು ಬಂದಾಗ ಮೂವರೂ ಉಸಿರು ಬಿಗಿಹಿಡಿದಿದ್ದೆವು. ಇಂಜಿನ್ ದನಿ ಸ್ವಲ್ಪ ದಪ್ಪಗಾಯಿತು, ಗೇರು ಕಚ್ಚಿಕೊಂಡಿತು, ಕಾರು ಏರು ಹತ್ತಿ ಆಚೆ ಇಳಿಯಿತು.

“ಎಷ್ಟು ಚೆನ್ನಾಗಿ ಓಡಿಸ್ತೀಯೇ ಸುಮಿ!” ಎಂದರು ಶೇಷಯ್ಯನವರು. ಮೇಡಂ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ಆದರೆ ಕನ್ನಡಿಯಲ್ಲಿ ಅವರ ಕಣ್ಣು ತುಂಬಿದ್ದು ನನಗೆ ಕಾಣಿಸಿತು.

ಮನೆಗೆ ಬಂದು ಅಂಗಳದಲ್ಲಿ ನಿಲ್ಲಿಸಿದರು. ಇಂಜಿನ್ ಓಡುತ್ತಲೇ ಇತ್ತು. ಶೇಷಯ್ಯನವರ ಎದುರಿಗೇ ಕಡ್ಡಿ ಎಳೆದು, ಒರೆಸಿ, ಇಟ್ಟು, ಎಳೆದೆ. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ಬಂದು ನಿಂತಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ಶ್ರೀಧರನೂ ಬಗ್ಗಿ ನೋಡಿದ. ಒಳಗೆ ಹೋಗಿ ಚನ್ನರಾಯಪಟ್ಟಣಕ್ಕೆ ಫೋನು ತಿರುಗಿಸಿದ. “ಕೊಡಲ್ಲ ಸಾರ್, ಬರೋದು ಬೇಡ” ಎಂದು ಹೇಳುವುದು ನಮಗೆಲ್ಲ ಕೇಳಿಸಿತು.

ಶೇಷಯ್ಯನವರು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದರು. ಒಮ್ಮೆ ಮಗಳ ಕಡೆ ನೋಡಿದರು, ಒಮ್ಮೆ ನನ್ನ ಕಡೆ.

“ಸಿದ್ದಣ್ಣ, ಅಷ್ಟು ಓಡಿಸಿದ್ದು ಸಾಲದೇನೋ ಅನ್ಸುತ್ತಪ್ಪ. ಇನ್ನೂ ಸರಿಯಾಗಿ ಬಿಸಿ ಆಗಿಲ್ಲ, ಅಲ್ಲವಾ?”

ಕಡ್ಡಿ ಕಾದು ನನ್ನ ಬೆರಳು ಚುರುಗುಟ್ಟುತ್ತಿತ್ತು. “ಹೌದು ಸ್ವಾಮಿ, ಸಾಲದು. ಇನ್ನೊಂದು ಸುತ್ತು ಹೋಗಿಬನ್ನಿ” ಎಂದು ಕಡ್ಡಿಯನ್ನು ಒಳಗೆ ತಳ್ಳಿ ಬಾನೆಟ್ ಮುಚ್ಚಿದೆ. ಈ ಸಲ ನಾನು ಹತ್ತಲಿಲ್ಲ.